ಮೂಸೆಗೆ ಬೀಳದ ಚಿನ್ನ

1927ನೇ ಇಸವಿಯ ಎರಡು ಚಿನ್ನದ ನಾಣ್ಯಗಳು. ಎರಡೂ ಅಮೆರಿಕದವು, ಇಪ್ಪತ್ತು ಡಾಲರಿನವು. ಡಬಲ್ ಈಗಲ್ ಎಂದು ಹೆಸರು. ಎರಡರ ತೂಕವೂ 33.436 ಗ್ರಾಂ, ಅಡ್ಡಳತೆ 34 ಮಿಲಿಮೀಟರ್. ಹತ್ತರಲ್ಲಿ ಒಂಬತ್ತು ಪಾಲು ಚಿನ್ನ, ಒಂದು ಪಾಲು ತಾಮ್ರ. ಒಂದು ಮಗ್ಗುಲಲ್ಲಿ ಪಂಜು ಎತ್ತಿ ಹಿಡಿದು, ಗಾಳಿಗೆ ಕೂದಲು ಬಿಟ್ಟು ನಡೆದುಬರುತ್ತಿರುವ ಸ್ವಾತಂತ್ರ್ಯದೇವಿ. ಇನ್ನೊಂದರಲ್ಲಿ ಸೂರ್ಯನ ಮೇಲೆ ಹಾರುವ ಹದ್ದು. ವ್ಯತ್ಯಾಸ ಒಂದೇ: ಒಂದರಲ್ಲಿ ಇಸವಿಯ ಮೇಲ್ಗಡೆ ಕಂಡೂ ಕಾಣದಂಥ ‘ಡಿ’ ಅಕ್ಷರವಿದೆ, ಇನ್ನೊಂದರಲ್ಲಿಲ್ಲ. ಅಕ್ಷರವಿಲ್ಲದ್ದು ಫಿಲಡೆಲ್ಫಿಯಾ ಟಂಕಸಾಲೆಯದು. ಒಳಗಿನ ಚಿನ್ನದ ದರಕ್ಕಿಂತ ಕೊಂಚ ಹೆಚ್ಚು ಕೊಟ್ಟರೆ ಇಂದಿಗೂ ಸಿಗುತ್ತದೆ. ‘ಡಿ’ ಇರುವುದು ಡೆನ್ವರಿನದು. ಅದು ಹರಾಜಿಗೆ ಬಂದರೆ ಹತ್ತು ಲಕ್ಷ ಡಾಲರ್ ದಾಟುತ್ತದೆ.

ಇಷ್ಟು ಚಿಕ್ಕ ಅಕ್ಷರಕ್ಕೆ ಅಷ್ಟು ಬೆಲೆ ಎಲ್ಲಿಂದ ಬಂತು ಎಂದು ಯೋಚಿಸತೊಡಗಿದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಚಿನ್ನದ ಲೆಕ್ಕ ಸರಳ. ಡಬಲ್ ಈಗಲ್‌ನಲ್ಲಿ ಇರುವ ಶುದ್ಧ ಚಿನ್ನ 0.9675 ಟ್ರಾಯ್ ಔನ್ಸ್. ಆ ದಿನದ ಔನ್ಸಿನ ದರದಿಂದ ಗುಣಿಸಿದರೆ ಲೋಹದ ಬೆಲೆ ಬಂತು. ಅದರ ಮೇಲೆ ಕೊಡಬೇಕಾದದ್ದನ್ನು ಸಂಗ್ರಾಹಕರು ಪ್ರೀಮಿಯಂ ಎನ್ನುತ್ತಾರೆ. ನಮ್ಮ ಚಿನ್ನದಂಗಡಿಗಳಲ್ಲಿ ಬಳೆಗೆ ಮಜೂರಿ, ವೇಸ್ಟೇಜ್ ಎಂದು ಸೇರಿಸುತ್ತಾರಲ್ಲ, ಮೇಲುನೋಟಕ್ಕೆ ಇದೂ ಹಾಗೆಯೇ. ಆದರೆ ಬಳೆಯನ್ನು ಮಾರಲು ಹೋದ ದಿನ ಮಜೂರಿ ಲೆಕ್ಕಕ್ಕಿಲ್ಲ. ತಕ್ಕಡಿಗೆ ಗೊತ್ತಿರುವುದು ಚಿನ್ನ ಮಾತ್ರ. ನಾಣ್ಯದ ಪ್ರೀಮಿಯಂ ಹಾಗಲ್ಲ. ಅದು ಕೈಯಿಂದ ಕೈಗೆ ಹೋಗುತ್ತ ಬೆಳೆಯಲೂಬಹುದು, ಸವೆಯಲೂಬಹುದು. ಚಿನ್ನದ ದರ ಸರ್ರನೆ ಏರಿದಾಗ ಸಾಮಾನ್ಯ ವರ್ಷಗಳ ನಾಣ್ಯಗಳ ಪ್ರೀಮಿಯಂ ಕುಗ್ಗಿಬಿಡುತ್ತದೆ. ಅಪರೂಪದವುಗಳ ಪ್ರೀಮಿಯಂಗೆ ಚಿನ್ನದ ದರದ ಹಂಗೇ ಇಲ್ಲ.

ಅಪರೂಪವೆಂದರೆ ಕಡಿಮೆ ಅಚ್ಚಾದದ್ದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇಲ್ಲಿಯೇ ಈ ನಾಣ್ಯಗಳು ನಮ್ಮ ಎಣಿಕೆಯನ್ನು ತಲೆಕೆಳಗು ಮಾಡುತ್ತವೆ. 1927ರಲ್ಲಿ ಡೆನ್ವರಿನಲ್ಲಿ ಅಚ್ಚಾದದ್ದು 1,80,000 ನಾಣ್ಯ. 1907ರಲ್ಲಿ ರೋಮನ್ ಅಂಕಿಯ ಇಸವಿ ಹೊತ್ತ, ಉಬ್ಬುಕೆತ್ತನೆಯ ಡಬಲ್ ಈಗಲ್ ಅಚ್ಚಾದದ್ದು ಸುಮಾರು 12,000 ಮಾತ್ರ. ಆದರೆ 12,000ದಲ್ಲಿ ಸಾವಿರಾರು ಉಳಿದಿವೆ. 1,80,000ದಲ್ಲಿ ಉಳಿದದ್ದು ಹೆಚ್ಚುಕಡಿಮೆ ಬೆರಳೆಣಿಕೆ.

1907ರ ನಾಣ್ಯ ಉಳಿದದ್ದು ಅದರ ಚೆಲುವಿನಿಂದ. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್‌ಗೆ ಪ್ರಾಚೀನ ಗ್ರೀಕರ ನಾಣ್ಯಗಳ ಮೇಲೆ ಬಹಳ ಪ್ರೀತಿ. ತನ್ನ ದೇಶದ ನಾಣ್ಯವೂ ಹಾಗೆ ಉಬ್ಬಿ ನಿಲ್ಲಬೇಕೆಂದು ಶಿಲ್ಪಿ ಅಗಸ್ಟಸ್ ಸೇಂಟ್ ಗಾಡೆನ್ಸ್‌ಗೆ ಆ ಕೆಲಸ ಒಪ್ಪಿಸಿದ. ಶಿಲ್ಪಿ ಆಗಲೇ ಕ್ಯಾನ್ಸರಿನಿಂದ ಬಳಲುತ್ತಿದ್ದ. ಅವನು ಕಡೆದ ಆ ಉಬ್ಬು ಮೂಡಬೇಕಾದರೆ ಯಂತ್ರದಲ್ಲಿ ಒಂದು ಸಲ ಒತ್ತಿದರೆ ಸಾಲದು, ಮತ್ತೆ ಮತ್ತೆ ಒತ್ತಬೇಕು. ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್‌ಗೆ ಇದು ಆಗದ ಮಾತು. ದಿನಬಳಕೆಯ ನಾಣ್ಯವನ್ನು ಹೀಗೆ ಲಕ್ಷಗಟ್ಟಲೆ ಒತ್ತುವುದು ಹೇಗೆ? ಕೊನೆಗೆ ಉಬ್ಬನ್ನು ತಗ್ಗಿಸಿದರು. 1907ರ ಆಗಸ್ಟ್ 3ರಂದು ಸೇಂಟ್ ಗಾಡೆನ್ಸ್ ತೀರಿಕೊಂಡ. ತನ್ನ ನಾಣ್ಯ ಜನರ ಕೈ ಸೇರಿದ್ದನ್ನು ಅವನು ನೋಡಲಿಲ್ಲ. ಆದರೆ ಆ ಉಬ್ಬುನಾಣ್ಯವನ್ನು ಕಂಡವರು ಅದನ್ನು ಖರ್ಚು ಮಾಡಲಾರದೆ ಎತ್ತಿಟ್ಟುಕೊಂಡರು. ಇಪ್ಪತ್ತು ಡಾಲರ್ ಅಂದಿನವರಿಗೆ ಸಣ್ಣ ಮೊತ್ತವಾಗಿರಲಿಲ್ಲ. ಅಷ್ಟು ಹಣವನ್ನು ಬರೀ ಕಣ್ಣಿನ ಸಂತೋಷಕ್ಕಾಗಿ ಕಟ್ಟಿಟ್ಟರಲ್ಲ, ಆ ಹೆಸರಿಲ್ಲದ ಜನರ ಬಗ್ಗೆ ನನಗೆ ದೊಡ್ಡ ಗೌರವ.

1927ರ ಡೆನ್ವರಿನ ನಾಣ್ಯವನ್ನು ಹಾಗೆ ಪ್ರೀತಿಸುವವರು ಸಿಗಲಿಲ್ಲ. ಅದು ಹೆಚ್ಚಾಗಿ ಚೀಲಗಳಲ್ಲಿ, ಸರ್ಕಾರದ ಭದ್ರ ಕೋಣೆಗಳಲ್ಲೇ ಉಳಿಯಿತು. 1933ರ ಏಪ್ರಿಲ್ 5ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಜ್ಞೆ ಹೊರಡಿಸಿ, ಜನ ತಮ್ಮಲ್ಲಿದ್ದ ಚಿನ್ನವನ್ನು ಔನ್ಸಿಗೆ 20.67 ಡಾಲರಿನಂತೆ ಒಪ್ಪಿಸಬೇಕೆಂದ. ಮರುವರ್ಷ ಸರ್ಕಾರ ಅದೇ ಚಿನ್ನದ ದರವನ್ನು 35 ಡಾಲರಿಗೆ ಏರಿಸಿತು. ಅಪರೂಪದ ನಾಣ್ಯಗಳಿಗೆ ಆಜ್ಞೆಯಲ್ಲೇ ವಿನಾಯಿತಿಯಿತ್ತು. ಆದರೆ ಆರು ವರ್ಷದ ಹಿಂದೆ ಅಚ್ಚಾಗಿ ಚೀಲದಲ್ಲಿದ್ದದ್ದನ್ನು ಅಪರೂಪವೆಂದು ಯಾರು ತಾನೆ ಎಣಿಸಿಯಾರು? ಅವೆಲ್ಲ ಕರಗಿ ಗಟ್ಟಿಗಳಾದವು. ದೇಶದ ಖಜಾನೆಯಲ್ಲಿ ಅತಿ ಭದ್ರವಾಗಿದ್ದವೇ ಅಳಿದವು. ಅದಕ್ಕೂ ಮೊದಲೇ ವ್ಯಾಪಾರದ ಬಾಬ್ತಾಗಿ ಸಮುದ್ರ ದಾಟಿ ಯುರೋಪಿನ ಬ್ಯಾಂಕುಗಳನ್ನು ಸೇರಿದ್ದ ನಾಣ್ಯಗಳು ಬದುಕಿದವು. ಎರಡನೇ ಮಹಾಯುದ್ಧದ ನಂತರ ಅವು ಒಂದೊಂದೇ ಮರಳಿ ಬಂದವು. ಇವತ್ತು ಸಾಮಾನ್ಯ ಬೆಲೆಗೆ ಸಿಗುವ ಡಬಲ್ ಈಗಲ್‌ಗಳಲ್ಲಿ ಬಹಳಷ್ಟು ಹೀಗೆ ಪರದೇಶ ಕಾಪಾಡಿಕೊಟ್ಟವು.

ಹಾಗಾದರೆ ಪ್ರೀಮಿಯಂ ಎನ್ನುವುದು ಯಾವುದರ ಬೆಲೆ? ವಯಸ್ಸಿನದಲ್ಲ, 1850ರ ದಶಕದ ಎಷ್ಟೋ ನಾಣ್ಯಗಳು 1927ರ ಡೆನ್ವರಿನದಕ್ಕಿಂತ ಅಗ್ಗ. ಬರೀ ಚೆಲುವಿನದೂ ಅಲ್ಲ. ಕುಲುಮೆಗೆ ಹೋಗಬೇಕಾದದ್ದು ಹೋಗದೆ ಉಳಿಯಿತಲ್ಲ, ಆ ಉಳಿವಿನ ಬೆಲೆ ಅದು. ಅಚ್ಚಾದ ದಿನ ಯಾವ ನಾಣ್ಯಕ್ಕೂ ಅದು ಗೊತ್ತಿರಲಿಲ್ಲ.

ಉಳಿಯುವ ದಾರಿಗಳು ಎಷ್ಟು ವಿಚಿತ್ರ! 1857ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಚಿನ್ನವನ್ನು ನ್ಯೂಯಾರ್ಕಿಗೆ ಹೊತ್ತು ತರುತ್ತಿದ್ದ ಸೆಂಟ್ರಲ್ ಅಮೆರಿಕ ಎಂಬ ಉಗಿಹಡಗು ಕೆರೊಲಿನಾ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಮುಳುಗಿತು. ನಾನೂರಕ್ಕೂ ಹೆಚ್ಚು ಜನ ಸತ್ತರು. ಚಿನ್ನ ಬಾರದೆ, ಮೊದಲೇ ನಡುಗುತ್ತಿದ್ದ ಬ್ಯಾಂಕುಗಳು ಇನ್ನಷ್ಟು ಕಂಗೆಟ್ಟವು. 1988ರಲ್ಲಿ ಹಡಗು ಎರಡು ಕಿಲೋಮೀಟರಿಗೂ ಆಳದಲ್ಲಿ ಪತ್ತೆಯಾದಾಗ, ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ 1857ರ ಡಬಲ್ ಈಗಲ್‌ಗಳು ಐದು ಸಾವಿರಕ್ಕೂ ಹೆಚ್ಚು ಸಿಕ್ಕವು. ಬಹುಪಾಲು ನಿನ್ನೆ ಅಚ್ಚಾದಷ್ಟು ಹೊಸದಾಗಿ. ಅದುವರೆಗೆ ಆ ವರ್ಷದ ಸವೆಯದ ನಾಣ್ಯ ದುರ್ಲಭವಾಗಿತ್ತು. ಸಮುದ್ರ ಒಂದೇ ಸಲಕ್ಕೆ ಲೆಕ್ಕ ಬದಲಿಸಿತು. ಅಂಥ ಒಂದು ನಾಣ್ಯವನ್ನು ಕೊಳ್ಳುವವರು ಆ ನಾನೂರು ಜನರನ್ನೂ ಒಂದು ಗಳಿಗೆ ನೆನೆಯಬೇಕು ಎಂದು ನಾನು ಮನಸಾರೆ ನಂಬುತ್ತೇನೆ.

ಎಲ್ಲಕ್ಕಿಂತ ದೊಡ್ಡ ಬೆರಗು 1933ರ ಡಬಲ್ ಈಗಲ್. 4,45,500 ಅಚ್ಚಾದವು. ಚಿನ್ನ ಒಪ್ಪಿಸುವ ಆಜ್ಞೆ ಬಂದದ್ದರಿಂದ ಒಂದೂ ಅಧಿಕೃತವಾಗಿ ಚಲಾವಣೆಗೆ ಬರಲಿಲ್ಲ. ಎರಡನ್ನು ಸ್ಮಿತ್ಸೋನಿಯನ್ ಸಂಸ್ಥೆಗೆ ಕೊಟ್ಟು ಉಳಿದದ್ದನ್ನು ಕರಗಿಸಿದರು. ಆದರೂ ಕೆಲವು ಹೇಗೋ ಹೊರಬಿದ್ದವು. ಅವುಗಳಲ್ಲಿ ಒಂದು ಈಜಿಪ್ಟಿನ ದೊರೆ ಫಾರೂಕ್‌ನ ಸಂಗ್ರಹ ಸೇರಿತು. 1944ರಲ್ಲಿ ಅದನ್ನು ದೇಶದಿಂದ ಒಯ್ಯಲು ಅಮೆರಿಕದ ಖಜಾನೆ ಇಲಾಖೆಯೇ ಪರವಾನಗಿ ಕೊಟ್ಟಿತ್ತು. ದೊರೆಯ ಸಿಂಹಾಸನ ಹೋಯಿತು, ನಾಣ್ಯ ಕಣ್ಮರೆಯಾಯಿತು. 1996ರಲ್ಲಿ ನ್ಯೂಯಾರ್ಕಿನಲ್ಲಿ ಮತ್ತೆ ಕಾಣಿಸಿಕೊಂಡಾಗ ಸರ್ಕಾರ ಅದನ್ನು ವಶಪಡಿಸಿಕೊಂಡಿತು. ವ್ಯಾಜ್ಯ ರಾಜಿಯಾಗಿ 2002ರಲ್ಲಿ ಹರಾಜಾಯಿತು. ಕೊಂಡವರು ತೆತ್ತದ್ದು 75,90,020 ಡಾಲರ್. ಕೊನೆಯ ಆ ಇಪ್ಪತ್ತು ಡಾಲರನ್ನು ಗಮನಿಸಿ. ಎಂದೂ ಚಲಾವಣೆಗೆ ಬಾರದ ಆ ಲೋಹದ ಬಿಲ್ಲೆಯನ್ನು ಕಾನೂನಿನ ಪ್ರಕಾರ ನಾಣ್ಯವಾಗಿಸಲು ಅದರ ಮುಖಬೆಲೆಯನ್ನು ಸರ್ಕಾರಕ್ಕೆ ಬೇರೆಯಾಗಿ ಕಟ್ಟಬೇಕಾಯಿತು. 2021ರಲ್ಲಿ ಅದೇ ನಾಣ್ಯ ಸುಮಾರು 1 ಕೋಟಿ 89 ಲಕ್ಷ ಡಾಲರಿಗೆ ಮಾರಾಟವಾಯಿತು.

ಬೆಲೆ ಇರುವಲ್ಲಿ ಖೋಟಾ ಇದ್ದೇ ಇರುತ್ತದೆ. 1970ರ ದಶಕದಲ್ಲಿ ಹೊರಬಂದ, 1907ರ ಉಬ್ಬುನಾಣ್ಯದ ನಕಲೊಂದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಪಳಗಿದ ಕಣ್ಣುಗಳೂ ಏಮಾರಿದವು. ಅದನ್ನು ಮಾಡಿದವನು ಹದ್ದಿನ ಉಗುರಿನ ಬಳಿ ಗ್ರೀಕ್ ಅಕ್ಷರ ಒಮೆಗಾವನ್ನು ಸೂಕ್ಷ್ಮವಾಗಿ ಕೆತ್ತಿ ಸಹಿ ಹಾಕಿದ್ದ. ಅದರಲ್ಲಿದ್ದ ಚಿನ್ನ ಅಸಲಿ. ಒರೆಗಲ್ಲಿಗೆ ಉಜ್ಜಿದರೂ, ತೂಗಿದರೂ ಗೆಲ್ಲುತ್ತಿತ್ತು. ಸುಳ್ಳಾಗಿದ್ದದ್ದು ಅದರ ಹುಟ್ಟು ಮಾತ್ರ.

ಹಾಗಾಗಿ ಇಂಥ ನಾಣ್ಯ ಕೊಳ್ಳುವವರಿಗೆ ನನ್ನ ಮಾತು ಇಷ್ಟು: ಮೊದಲು ಲೋಹದ ಬೆಲೆ ಹಾಕಿ, ಉಳಿದದ್ದಕ್ಕೆ ಕಾರಣ ಕೇಳಿ. ಎಷ್ಟು ಅಚ್ಚಾಯಿತು ಎಂಬುದಕ್ಕಿಂತ ಎಷ್ಟು ಉಳಿಯಿತು ಎಂದು ಹುಡುಕಿ. ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಕೆಲವು ವರ್ಷಗಳ ನಾಣ್ಯಕ್ಕೆ ಒಂದೇ ಅಂಕದ ಅಂತರದಲ್ಲಿ ಬೆಲೆ ಹಲವು ಪಟ್ಟಾಗುತ್ತದೆ. ಆ ಅಂತರ ದೇವಿಯ ಮೊಣಕಾಲಿನ ಮೇಲಿನ ಒಂದು ಗೀರಿರಬಹುದು. ಅದಕ್ಕೆ ಹಣ ತೆರುವ ಮುನ್ನ ನಿಮ್ಮ ಕಣ್ಣಿಗೆ ಆ ವ್ಯತ್ಯಾಸ ಕಾಣುತ್ತದೆಯೇ ನೋಡಿಕೊಳ್ಳಿ. ಕಾಣದಿದ್ದರೆ ಸಾಮಾನ್ಯ ವರ್ಷದ್ದೇ ಸಾಕು. ಸೇಂಟ್ ಗಾಡೆನ್ಸ್‌ನ ದೇವಿ ಅದರಲ್ಲೂ ಅಷ್ಟೇ ಠೀವಿಯಿಂದ ನಡೆಯುತ್ತಾಳೆ.

ಮತ್ತು ಒಂದು ಕೋರಿಕೆ. ಹಳೆಯ ಚಿನ್ನವನ್ನು ಅಂಟುವಾಳದ ನೀರಿನಲ್ಲಿ ಉಜ್ಜಿ ಹೊಳೆಯಿಸುವುದು ನಮ್ಮ ಮನೆಗಳ ರೂಢಿ. ನಾಣ್ಯವನ್ನು ದಯವಿಟ್ಟು ಹಾಗೆ ಉಜ್ಜಬೇಡಿ. ಉಜ್ಜಿದ ನಾಣ್ಯಕ್ಕೆ ಪರೀಕ್ಷಕ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ, ಮತ್ತು ಹೋದ ಮೇಲ್ಮೈಯನ್ನು ಯಾವ ಅಕ್ಕಸಾಲಿಗನೂ ಮರಳಿ ತರಲಾರ.