ಮಿಕ್ಕ ತುಂಡುಗಳು



ನಮ್ಮ ಕರ್ತನು ಐದು ಜವೆಗೋದಿಯ ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ಸುಮಾರು 5,000 ಗಂಡಸರಿಗೆ ಊಟಮಾಡಿಸಿದ ವೃತ್ತಾಂತವನ್ನು ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದರೆ ಊಟವಾದ ಮೇಲೆ ನಡೆದದ್ದನ್ನು ಅವಸರದಿಂದ ದಾಟಿಬಿಡುತ್ತೇವೆ. ಮಿಕ್ಕ ತುಂಡುಗಳು ಹಾಳಾಗದಂತೆ ಅವುಗಳನ್ನು ಕೂಡಿಸಬೇಕೆಂದು ಆತನು ಶಿಷ್ಯರಿಗೆ ಅಪ್ಪಣೆಕೊಟ್ಟನು. ಅವರು ಕೂಡಿಸಲಾಗಿ 12 ಪುಟ್ಟಿಗಳು ತುಂಬಿದವು. ರೊಟ್ಟಿಯನ್ನು ಹೆಚ್ಚಿಸಬಲ್ಲಾತನಿಗೆ ತುಂಡುಗಳ ಕೊರತೆ ಏನಿತ್ತು? ಆದರೂ ಅವುಗಳನ್ನು ಹುಲ್ಲಿನ ಮೇಲೆ ಬಿಟ್ಟುಹೋಗಲು ಆತನು ಒಪ್ಪಲಿಲ್ಲ.

ಕಳೆದ ಸುಗ್ಗಿಯ ಹಬ್ಬದಲ್ಲಿ ನಾವು ಹೀಗೆ ಮಾಡಲಿಲ್ಲ. ಊಟ ಮುಗಿದ ಮೇಲೆ ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಗಂಟುಕಟ್ಟಿ, ತಟ್ಟೆ ಲೋಟಗಳ ಸಂಗಡ ದೇವಾಲಯದ ಹಿಂದಿನ ಹಳ್ಳಕ್ಕೆ ಎಸೆದೆವು. ಅಂಥ ಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರಕಾರದವರು 2016ರಲ್ಲಿಯೇ ನಿಷೇಧಿಸಿದ್ದರು. ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಭಾರತ ಸರಕಾರದವರೂ 2022ನೆಯ ಜುಲೈ 1ರಿಂದ ನಿಷೇಧಿಸಿದರು. ನಾವು ಇದನ್ನು ಅರಿತೂ, ಬೆಲೆ ಕಡಿಮೆಯೆಂದು ಕೊಂಡುತಂದೆವು.

ಕೆಲವು ವಾರಗಳ ತರುವಾಯ ನೆರೆಯವನೊಬ್ಬನ ಆಕಳು ಸತ್ತಿತು. ಪಶುವೈದ್ಯರು ಹೊಟ್ಟೆಯನ್ನು ಕೊಯ್ದು ನೋಡಲು ಚೀಲಗಳ ಉಂಡೆಯೇ ಸಿಕ್ಕಿತು. ಅನ್ನದ ವಾಸನೆಗೆ ಬರುವ ದನವು ಗಂಟನ್ನು ಬಿಚ್ಚಲಾರದೆ ಚೀಲವನ್ನೇ ನುಂಗುವದು; ಅದು ಹೊಟ್ಟೆಯಲ್ಲಿ ಕರಗದೆ ಮೇವಿನ ಸ್ಥಳವನ್ನು ಹಿಡಿಯುವದು. ಆ ಚೀಲಗಳೆಲ್ಲವೂ ನಮ್ಮವೇ ಎಂದು ಹೇಳಲಾಗದು. ಒಂದೂ ನಮ್ಮದಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಆ ಮನುಷ್ಯನು ನಮ್ಮ ಸಭೆಗೆ ಸೇರಿದವನಲ್ಲ. ಅವನು ನಮ್ಮ ಮೇಲೆ ದೂರನ್ನೂ ಹೇಳಲಿಲ್ಲ, ಅದೇ ನಮಗೆ ಹೆಚ್ಚು ಭಾರವಾಗಿದೆ. ಗುಂಡಿಯನ್ನು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿಗೆ ಬೆಲೆಕೊಡಬೇಕೆಂಬ ವಿಧಿಯು ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಇದೆಯಲ್ಲವೋ?

ಕಸಕ್ಕೆ ಬೆಂಕಿಯಿಟ್ಟರಾಯಿತೆಂದು ಕೆಲವರು ಹೇಳುತ್ತಾರೆ. ಪ್ಲಾಸ್ಟಿಕ್ ಸುಡುವ ಹೊಗೆಯು ವಿಷವಾದದ್ದು. ಅದನ್ನು ಮೊದಲು ಕುಡಿಯುವವರು ಅಂಗಳದಲ್ಲಿ ಆಡುವ ನಮ್ಮ ಮಕ್ಕಳೇ.

ನಮ್ಮ ಅಜ್ಜಿಯರು ಹರಿದ ಸೀರೆಗಳಿಂದ ಕೌದಿ ಹೊಲಿದರು, ಒಲೆಯ ಬೂದಿಯಿಂದ ಪಾತ್ರೆ ಬೆಳಗಿದರು, ಸಿಪ್ಪೆ ಸೆದೆಗಳನ್ನು ತಿಪ್ಪೆಗೆ ಹಾಕಿದರು. ಬಡತನದಿಂದ ಹಾಗೆ ಮಾಡಿದರೆಂದು ನಗುವವರುಂಟು. ಇರಬಹುದು, ಆದರೂ ಅವರ ತಿಪ್ಪೆಯಿಂದ ಹೊಲಕ್ಕೆ ಗೊಬ್ಬರವೇ ಹೋಯಿತು. ನಾವೂ ಹಸಿ ಕಸವನ್ನು ಗುಂಡಿಯಲ್ಲಿ ಸಗಣಿ ಮಣ್ಣುಗಳ ಸಂಗಡ ತೇವವಾಗಿಟ್ಟರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುವದು. ಸೀಸೆ, ತಗಡು, ಕಾಗದ, ಪ್ಲಾಸ್ಟಿಕ್ಕುಗಳನ್ನು ಬೇರೆಯಾಗಿಟ್ಟು ಪಂಚಾಯತಿಯ ಗಾಡಿಗಾಗಲಿ ಗುಜರಿಯವನಿಗಾಗಲಿ ಕೊಡತಕ್ಕದ್ದು. ಗಾಜೂ ತಗಡೂ ಕರಗಿ ತಿರಿಗಿ ಬಳಕೆಗೆ ಬರುವವು. ಆದರೆ ಎಂಜಲು ಮೆತ್ತಿದ ಕಾಗದವು ಯಾರಿಗೂ ಬೇಡ.

ಬರುವ ಹಬ್ಬಕ್ಕೆ ಮುತ್ತುಗದ ಎಲೆಗಳಲ್ಲಿ ಊಟ ಬಡಿಸುವೆವು; ಲೋಟಗಳನ್ನು ಪ್ರತಿ ಮನೆಯವರು ತಾವೇ ತರಬೇಕು. ದೇವಾಲಯದ ಬಾಗಲಲ್ಲಿ ಎರಡು ಪುಟ್ಟಿಗಳಿರುವವು, ಒಂದು ಹಸಿ ಕಸಕ್ಕೆ, ಒಂದು ಒಣ ಕಸಕ್ಕೆ. ಆಕಳಿನ ಬೆಲೆಗಾಗಿ ಹಿರಿಯರು ಹಣ ಕೂಡಿಸುತ್ತಿದ್ದಾರೆ. ಕೊಡಲು ಮನಸ್ಸುಳ್ಳವರು ಹಬ್ಬಕ್ಕೆ ಮುಂಚೆಯೇ ಕೊಡಲಿ. ಯಾಕಂದರೆ ಆ ನೆರೆಯವನನ್ನು ಊಟಕ್ಕೆ ಕರೆಯುವ ಮೊದಲು ಅದನ್ನು ಅವನ ಮನೆಗೆ ಮುಟ್ಟಿಸಬೇಕೆಂದಿದ್ದೇವೆ.