ನಗರಶ್ರವಣ

ಕಣ್ಣಿಗೆ ರೆಪ್ಪೆಯನ್ನು ಕೊಟ್ಟ ವಿಧಾತನು ಕಿವಿಗೆ ಅದನ್ನು ಕೊಡಲಿಲ್ಲ. ನೋಡಲೊಲ್ಲದವನು ಕಣ್ಣು ಮುಚ್ಚಬಹುದು. ಕೇಳಲೊಲ್ಲದವನಿಗೆ ಅಂತಹ ಸುಲಭೋಪಾಯವಿಲ್ಲ. ಆದರೂ ಪಟ್ಟಣವಾಸಿಯು ದಿನವೆಲ್ಲ ಕೇಳಿಯೂ ಕೇಳದವನಂತೆಯೇ ಇರುವನು. ಇಂದ್ರಿಯವು ವಿಷಯದೊಡನೆ ಕೂಡಿದರೆ ಸಾಲದು, ಮನಸ್ಸೂ ಇಂದ್ರಿಯದೊಡನೆ ಕೂಡಬೇಕೆಂದು ನೈಯಾಯಿಕರು ಹೇಳುವುದು ಈ ಕಾರಣದಿಂದಲೇ.

ಬೇರೆಡೆಗೆ ಹೋದ ಆ ಮನಸ್ಸನ್ನು ಕಿವಿಯ ಬಳಿಗೆ ಕರೆತರಲು ಪಶ್ಚಿಮದೇಶದಲ್ಲಿ ಒಂದು ವಿಲಕ್ಷಣವಾದ ಕ್ರಮವು ಹುಟ್ಟಿತು. ೧೯೬೬ನೆಯ ಇಸವಿಯಲ್ಲಿ ನ್ಯೂಯಾರ್ಕ್ ನಗರದ ಮ್ಯಾಕ್ಸ್ ನ್ಯೂಹೌಸ್ ಎಂಬ ತಾಳವಾದ್ಯಗಾರನು ಕೆಲವರು ಶ್ರೋತೃಗಳನ್ನು ಬೀದಿಯಲ್ಲಿ ಸೇರಿಸಿ, 'ಕೇಳು' ಎಂಬರ್ಥದ ಒಂದೇ ಪದವನ್ನು ಅವರ ಕೈಗಳ ಮೇಲೆ ರಬ್ಬರಿನ ಮುದ್ರೆಯಿಂದ ಒತ್ತಿ, ಮತ್ತೊಂದು ಮಾತಿಲ್ಲದೆ ಮುಂದೆ ನಡೆದನು. ಅವರೂ ಹಿಂಬಾಲಿಸಿದರು. ಮೊದಲು ವಿದ್ಯುದಾಗಾರದ ಗಂಭೀರಘೋಷ. ಬಳಿಕ ಪೋರ್ಟೊರಿಕೊ ದ್ವೀಪದಿಂದ ಬಂದು ನೆಲಸಿದವರ ಕೇರಿಯ ಕಲಕಲ. ಮಾರ್ಗದರ್ಶಕನು ಮೌನಿಯಾಗಿದ್ದುದೇ ಲೇಸು. ಪ್ರತಿಯೊಂದು ಶಬ್ದಕ್ಕೂ ವಿವರಣೆ ಹೇಳುತ್ತ ಹೋದವನು, ಶ್ಲೋಕವನ್ನು ಮರೆಸುವಷ್ಟು ದಪ್ಪವಾದ ವ್ಯಾಖ್ಯಾನವನ್ನು ಬರೆದ ಪಂಡಿತನಂತಾಗುವನು.

ಕೆನಡಾದೇಶದ ವ್ಯಾಂಕೂವರಿನಲ್ಲಿ ಈ ವಿದ್ಯೆಗೆ ಶಾಸ್ತ್ರದ ರೂಪವು ಬಂದಿತು. ಸಂಗೀತಜ್ಞನಾದ ಮರ್ರೇ ಷೇಫರನೂ (೧೯೩೩–೨೦೨೧) ಅವನ ಸಂಗಡಿಗರೂ ಆ ಊರಿನ ಶಬ್ದಗಳನ್ನು ಸಂಗ್ರಹಿಸಿ ೧೯೭೩ರಲ್ಲಿ ಪ್ರಕಟಿಸಿದರು. ಅಲ್ಲಿಯ ಸ್ಟ್ಯಾನ್ಲಿ ಉದ್ಯಾನದಲ್ಲಿ ೧೮೧೬ರಲ್ಲಿ ಎರಕ ಹೊಯ್ದ ಫಿರಂಗಿಯೊಂದುಂಟು. ರಾತ್ರಿ ಒಂಬತ್ತು ಗಂಟೆಗೆ ಅದು ಗರ್ಜಿಸುವುದು. ಹೊಸಬನು ಬೆಚ್ಚುವನು, ಊರಿನವನು ಗಡಿಯಾರವನ್ನು ನೋಡಿಕೊಳ್ಳುವನು. ಕಣ್ಣಿಗೆ ಗೋಪುರವು ಹೇಗೆ ಊರಿನ ಗುರುತೋ ಕಿವಿಗೆ ಇಂತಹ ಶಬ್ದವು ಹಾಗೆ.

ಇಷ್ಟರವರೆಗೆ ಎಲ್ಲವೂ ಸೊಗಸೇ ಸರಿ. ಆದರೆ ಇಲ್ಲಿ ಒಂದು ಧರ್ಮಜಿಜ್ಞಾಸೆಯು ತಲೆಯೆತ್ತುವುದು. ಬೀದಿಯಲ್ಲಿ ನಿಂತವನಿಗೆ ಯಂತ್ರದ ಘೋಷವು ಮೃದಂಗದಂತೆ ರುಚಿಸಬಹುದು. ಆದರೆ ಅದೇ ಘೋಷದ ನಡುವೆ ವರ್ಷಗಟ್ಟಲೆ ದುಡಿದು ಕಿವುಡಾಗುವ ಕೂಲಿಯವನ ಗತಿಯೇನು? ಒಬ್ಬನ ಕಷ್ಟವನ್ನು ಇನ್ನೊಬ್ಬನು ನಾದವೆಂದು ಸವಿಯುವುದು ನ್ಯಾಯವೆ? ರಂಗಸ್ಥಳದಲ್ಲಿ ಸೀತೆಯ ದುಃಖವೂ ಸಹೃದಯನಿಗೆ ರಸವಾಗುವುದಲ್ಲವೆ ಎಂದು ಆಲಂಕಾರಿಕನು ಆಕ್ಷೇಪಿಸಬಹುದು. ಅಹುದು, ಆದರೆ ರಂಗದ ಮೇಲೆ ಅಳುವವಳು ನಟಿ, ಕೇರಿಯ ಒಳಮನೆಯಲ್ಲಿ ಅಳುವ ಕೂಸು ನಟನಲ್ಲ. ಆ ರೋದನದ ಸ್ವರವು ಷಡ್ಜವೋ ಪಂಚಮವೋ ಎಂದು ಬೀದಿಯವನು ಎಣಿಸುತ್ತಿರುವಷ್ಟರಲ್ಲಿ ತಾಯಿಯು ಎದ್ದು ಹೋಗಿರುವಳು. ಇಬ್ಬರೂ ಕೇಳಿದರು, ಕೇಳಿದ ಫಲವನ್ನು ಪಡೆದವಳು ಅವಳೇ.

ಹಾಗೆಂದು ಈ ಸಂಚಾರವನ್ನು ನಿಷಿದ್ಧವೆನ್ನುವುದು ದುಡುಕು. ನ್ಯೂಯಾರ್ಕಿನ ಅಧಿಕಾರಿಗಳು ಗದ್ದಲದಿಂದ ರೋಗವುಂಟಾಗುವುದೆಂದು ಸಾರಿದಾಗ ನ್ಯೂಹೌಸನು ೧೯೭೪ರಲ್ಲಿ ವೃತ್ತಪತ್ರಿಕೆಯಲ್ಲಿ ಅದನ್ನು ಖಂಡಿಸಿದನು. ಜನರಿಗೆ ಶಬ್ದದ ಭಯವನ್ನು ಕಲಿಸಬಾರದೆಂಬುದು ಅವನ ಪಕ್ಷ. ಷೇಫರನ ಪಕ್ಷವು ಬೇರೆ. ವಿವೇಚನೆಯಿಲ್ಲದೆ ಹೆಚ್ಚಿದ ಗದ್ದಲವನ್ನು ಅವನು ಮಾಲಿನ್ಯವೆಂದೇ ಕರೆದನು. ಇವರಲ್ಲಿ ಯಾರದೂ ಪೂರ್ಣಸತ್ಯವಲ್ಲ. ಭಯಪಟ್ಟವನು ಕಿಟಕಿಯನ್ನು ಮುಚ್ಚಿಕೊಳ್ಳುವನೇ ಹೊರತು ಹೊರಗಿರುವವನ ಗತಿಯನ್ನು ವಿಚಾರಿಸನು. ಎಲ್ಲವನ್ನೂ ಸಂಗೀತವೆಂದವನಿಗೆ ವಿಚಾರಿಸುವ ಅಗತ್ಯವೇ ತೋರದು.

ಷೇಫರನ ಬಳಗದ ಹಿಲ್ಡೆಗಾರ್ಡ್ ವೆಸ್ಟರ್ಕ್ಯಾಂಪ್ ಎಂಬ ವಿದುಷಿಯು ೧೯೭೪ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಸರಳವಾದ ಅಳತೆಯು ದೊರೆಯುವುದು. ನಡೆಯುವವನು ಮೊದಲು ತನ್ನ ದೇಹದ ಶಬ್ದಗಳನ್ನೂ ತನ್ನ ಹೆಜ್ಜೆಯ ಸಪ್ಪಳವನ್ನೂ ಕೇಳಬೇಕು. ಅದು ಕೇಳಿಸದಿದ್ದರೆ ಆ ಸ್ಥಳದ ಶಬ್ದವು ಸಮತೋಲವನ್ನು ಮೀರಿದೆಯೆಂದು ತಿಳಿಯಬೇಕು. ವಿದ್ಯುದಾಗಾರದ ಹೊರಗೆ ನಿಂತವನು ಹತ್ತು ಹೆಜ್ಜೆ ಹಿಂದೆ ಸರಿದರೆ ಅವನ ಪಾದರಕ್ಷೆಯ ಸದ್ದು ಅವನಿಗೆ ಮರಳಿ ದೊರೆಯುವುದು. ಒಳಗಿನವನಿಗೆ ಸರಿಯಲು ಸ್ಥಳವಿಲ್ಲ. ಅವನು ತನ್ನ ಕೂಗನ್ನೂ ಕೇಳಲಾರನು. ಕೈಯ ಮೇಲಿನ ಮಸಿಯು ಮಾಸುವುದರೊಳಗೆ ಹೊರಗಿನವನು ಆ ಬಾಗಿಲನ್ನು ತಟ್ಟಿ, ಒಳಗಿರುವವರು ಎಷ್ಟು ಹೊತ್ತು ದುಡಿಯುವರು, ಅವರ ಕಿವಿಗೆ ರಕ್ಷಣೆಯೇನಾದರೂ ಉಂಟೆ ಎಂದು ಕೇಳಬಹುದು.