ಹಚ್ಚೋದಾ, ಮಾರೋದಾ?

ಒಮ್ಮೆಯೂ ಬೆಂಕಿ ಕಾಣದ ಸ್ಟೌಗೆ ಬೆಂಕಿ ಕಂಡ ಸ್ಟೌಗಿಂತ ಬೆಲೆ ಜಾಸ್ತಿ. ಹಳೇ ಕ್ಯಾಂಪಿಂಗ್ ಸಾಮಾನು ಸಂಗ್ರಹಿಸುವವರ ಲೆಕ್ಕ ಇದು. ನನ್ನ ಹತ್ರ ಅಂಥದ್ದೊಂದಿದೆ. ಹಿತ್ತಾಳೆಯ ಪುಟ್ಟ ಪ್ರೈಮಸ್ ಸ್ಟೌ, ಬಿಚ್ಚಿ ತಗಡಿನ ಡಬ್ಬಿಯಲ್ಲಿಟ್ಟು ಬೆನ್ನುಚೀಲಕ್ಕೆ ಹಾಕಿಕೊಳ್ಳುವಂಥದ್ದು. ಒಂದು ಸಲ ಹಚ್ಚಿದ್ರೆ ಬರ್ನರ್ ಬಣ್ಣ ತಿರುಗುತ್ತೆ. ಆಮೇಲೆ ಎಷ್ಟು ತಿಕ್ಕಿದ್ರೂ ಅದು ಮತ್ತೆ 'ಹಚ್ಚದ ಸ್ಟೌ' ಆಗೋದಿಲ್ಲ.

ಕೆಲಸದ ಮೇಲೆ ಮೂರು ವರ್ಷದಿಂದ ನಾನು ಸ್ಟಾಕ್‌ಹೋಮ್‌ನಲ್ಲಿದ್ದೀನಿ. ಪಕ್ಕದ ಫ್ಲ್ಯಾಟಿನ ಅಜ್ಜಿ ಮನೆ ಖಾಲಿ ಮಾಡುವಾಗ ಇದನ್ನು ಕೊಟ್ಟರು. ಅವರ ಯಜಮಾನರು ಕುಂಗ್ಸ್‌ಲೇಡೆನ್ ನಡೆಯಬೇಕು ಅಂತ ಕೊಂಡಿದ್ದಂತೆ. ಅಬಿಸ್ಕೋದಿಂದ ಹೆಮಾವನ್‌ವರೆಗೆ ಸುಮಾರು 440 ಕಿ.ಮೀ. ಬೆಟ್ಟದ ಹಾದಿ ಅದು. ಮುಂದಿನ ಬೇಸಿಗೆ, ಮುಂದಿನ ಬೇಸಿಗೆ ಅಂತ ಹೋಗಲೇ ಇಲ್ಲ. "ಯಾರಾದ್ರೂ ಇದರಲ್ಲಿ ಕಾಫಿ ಮಾಡಿದ್ರೆ ಸಾಕು" ಅಂದರು ಅಜ್ಜಿ.

ನಮ್ಮ ಪಂಪ್ ಸ್ಟೌ ನೋಡಿದವರಿಗೆ ಪ್ರೈಮಸ್ ಹೊಸದಲ್ಲ. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ್ದು. ಬತ್ತಿ ಇಲ್ಲ. ಬಟ್ಟಲಲ್ಲಿ ಸ್ಪಿರಿಟ್ ಉರಿಸಿ ಬರ್ನರ್ ಕಾಯಿಸಿ ಪಂಪ್ ಹೊಡೆದರೆ, ಸೀಮೆಎಣ್ಣೆ ಮೇಲೇರಿ ಕಾದ ಕೊಳವೆಯಲ್ಲಿ ಆವಿಯಾಗಿ ನೀಲಿ ಉರಿ ಬರುತ್ತೆ. ದಕ್ಷಿಣ ಧ್ರುವಕ್ಕೆ ಹೋದ ಅಮುಂಡ್‌ಸನ್ ತಂಡದಲ್ಲೂ, 1953ರ ಎವರೆಸ್ಟ್ ತಂಡದಲ್ಲೂ ಇದ್ದದ್ದು ಪ್ರೈಮಸ್ಸೇ. ಊರಲ್ಲಿ ಅಮ್ಮ ಪಿನ್ನು ಹಾಕಿ ಕಸ ತೆಗೀತಿದ್ದ ಸ್ಟೌ ಕೂಡ ಇದೇ ಜಾತಿಯದು.

ಒಬ್ಬ ಸಂಗ್ರಾಹಕರು ಬೆಲೆ ಹೇಳಿದ್ದಾರೆ. ಅದರಲ್ಲಿ ಹೊಸ ಗ್ಯಾಸ್ ಸ್ಟೌ, ಮಲಗುವ ಚೀಲ ಎರಡೂ ಬರುತ್ತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಚ್ಚಿಲ್ಲ ತಾನೇ?"

ಅರಿಸ್ಟಾಟಲ್ ತನ್ನ 'ಪಾಲಿಟಿಕ್ಸ್'ನಲ್ಲಿ ಚಪ್ಪಲಿಯ ಉದಾಹರಣೆ ಕೊಡ್ತಾನೆ. ಅದನ್ನು ಮೆಟ್ಟಬಹುದು, ವಿನಿಮಯಕ್ಕೂ ಕೊಡಬಹುದು. ಎರಡೂ ಉಪಯೋಗವೇ, ಆದ್ರೆ ಚಪ್ಪಲಿ ಹುಟ್ಟಿದ್ದು ವಿನಿಮಯಕ್ಕಲ್ಲ. ನನ್ನ ಸ್ಟೌ ವಿಷಯದಲ್ಲಿ ಇದು ಇನ್ನೂ ವಿಚಿತ್ರ. ಚಪ್ಪಲಿ ಮಾರಿದ್ರೆ ಕೊಂಡವನಾದರೂ ಮೆಟ್ಟುತ್ತಾನೆ. ಇಲ್ಲಿ ಬೆಲೆ ಇರೋದೇ ಯಾರೂ ಹಚ್ಚದೆ ಇರೋದಕ್ಕೆ.

ಹಾಗಂತ ಎತ್ತಿಡೋದೆಲ್ಲಾ ತಪ್ಪು ಅನ್ನೋಕೂ ಆಗಲ್ಲ. ನಮ್ಮ ಮನೇಲಿ ಬಿತ್ತನೆ ಭತ್ತವನ್ನು ಬೇರೆ ಕಟ್ಟಿಡ್ತಿದ್ರು. ಮಳೆಗಾಲದ ಮೊದಲು ಅಕ್ಕಿ ಮುಗಿದು ಪಕ್ಕದ ಮನೆಯಿಂದ ಸಾಲ ತಂದ್ರೂ ಅದಕ್ಕೆ ಕೈ ಹಾಕ್ತಿರಲಿಲ್ಲ. ಆದ್ರೆ ಬೀಜಕ್ಕೆ ಒಂದು ದಿನ ಅಂತ ಇತ್ತು. ಮಳೆ ಬಿತ್ತು, ಗದ್ದೆ ಹದವಾಯ್ತು, ಮೂಟೆ ಬಿಚ್ಚಿದರು. ಎತ್ತಿಟ್ಟ ವಸ್ತುವಿಗೆ ಅಂಥ ದಿನ ಇದೆಯಾ ಅನ್ನೋದೇ ನನಗೆ ಮುಖ್ಯ ಅನ್ಸುತ್ತೆ. ದಿನ ಇದ್ದರೆ ಅದು ಜತನ. ಇಲ್ಲದಿದ್ದರೆ ಬರೀ ಮುಂದೂಡಿಕೆ. ನಮ್ಮ ಬಳಸದ ರಜೆಗಳು, ಡಬ್ಬಿ ಬಿಚ್ಚದ ಡಿನ್ನರ್ ಸೆಟ್‌ಗಳು ಯಾವ ಲೆಕ್ಕಕ್ಕೆ ಸೇರ್ತವೆ, ನೀವೇ ನೋಡ್ಕೊಳ್ಳಿ.

ಗೆಳೆಯನೊಬ್ಬ ಗಟ್ಟಿ ವಾದ ಇಟ್ಟ: "ಇದನ್ನು ಮಾರು, ಕಾಲು ಭಾಗ ದುಡ್ಡಿಗೆ ಮಸಿ ಹಿಡಿದ ಪ್ರೈಮಸ್ ಒಂದು ತಗೋ. ಅವರಿಗೆ ಅಪರೂಪದ್ದು ಸಿಕ್ತು, ನಿಂಗೆ ಕಾಫಿ ಸಿಕ್ತು. ನಷ್ಟ ಯಾರಿಗೆ?" ನಿಜ, ಲೆಕ್ಕದಲ್ಲಿ ತಪ್ಪಿಲ್ಲ. ಒಂದು ಸಲ ಹಚ್ಚಿದ್ರೆ ವಾಪಸ್ ಬರಲ್ಲ ಅನ್ನೋದೂ ನಿಜ. ಈ ಜಾತಿಯಲ್ಲಿ ಉಳಿದಿರೋ ಕಡೆಯದು ಇದೇ ಆಗಿದ್ರೆ ನಾನೇ ಮ್ಯೂಸಿಯಮ್ಮಿಗೆ ಕೊಡ್ತಿದ್ದೆ. ಆದ್ರೆ ಪ್ರೈಮಸ್ ತಯಾರಾಗಿದ್ದು ಲಕ್ಷಗಟ್ಟಲೆ.

ಆ ಲೆಕ್ಕದಲ್ಲಿ ಅಜ್ಜಿ ಇಲ್ಲ. ನಾನೇ ಕೊಂಡ ವಸ್ತುವಾಗಿದ್ರೆ ಬಳಸೋದು, ಮಾರೋದು ಎರಡೇ ದಾರಿ, ಯಾವುದಾದ್ರೂ ನನ್ನಿಷ್ಟ. ಕೊಟ್ಟ ವಸ್ತುವಿನ ಜೊತೆ ಕೊಟ್ಟವರ ಆಸೆಯೂ ಬರುತ್ತೆ. ಆ ಆಸೆ ಭಾರವಾಗಿದ್ರೆ ಬೇಡ ಅನ್ನಬಹುದಿತ್ತು. ಅವರು ಕೇಳಿದ್ದು ಒಂದು ಲೋಟ ಕಾಫಿ. ಅಷ್ಟನ್ನೂ ಮಾಡದೆ ಮಾರಿದ್ರೆ, ಅವರು ಸ್ಟೌ ಕೊಟ್ಟದ್ದು, ನಾನು ಬರೀ ಹಿತ್ತಾಳೆ ತಗೊಂಡದ್ದು ಅಂತಾಗುತ್ತೆ.

ಸಂಗ್ರಾಹಕರಿಗೆ ಇಲ್ಲ ಅಂತ ತಿಳಿಸಿದೆ. ಪಂಪಿನ ಒಣಗಿದ ಚರ್ಮದ ವಾಷರ್‌ಗೆ ಎಣ್ಣೆ ಹಾಕಿ ನೆನೆಸಿಟ್ಟಿದ್ದೀನಿ. ಮೊದಲು ಬಯಲಲ್ಲಿ ಒತ್ತಡ ನಿಲ್ಲುತ್ತಾ, ಎಲ್ಲಾದ್ರೂ ಸೋರುತ್ತಾ ಅಂತ ನೋಡಬೇಕು. ಜುಲೈ ಕೊನೆಯ ವಾರಕ್ಕೆ ರಜೆ ಹಾಕಿದೀನಿ, ಅಬಿಸ್ಕೋಗೆ ಟಿಕೆಟ್ಟೂ ಆಗಿದೆ.